ಕ್ಲಾಂಪ್ ಬಿಚ್ಚಿದಾಗ ಬಾಗುವ ಜಾಬ್: ಓದುಗರ ಪ್ರಶ್ನೆಗಳಿಗೆ ಉತ್ತರ

ತೆಳುಗೋಡೆಯ ಜಾಬ್‌ಗಳ (ಮಷಿನ್ ಮೇಲೆ ಕತ್ತರಿಸಿ ಮಾಡುವ ಲೋಹದ ಭಾಗಗಳ) ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ತಪ್ಪೆಲ್ಲ ‘ಮೆಟೀರಿಯಲ್ ಸ್ಟ್ರೆಸ್‌’ದೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಲೋಹದೊಳಗಿನ ಒತ್ತಡ ನಿಜ. ಆದರೆ ಕ್ಲಾಂಪ್ ತುಂಬಿದ ಒತ್ತಡ, ಕಟರ್ ತುಂಬಿದ ಒತ್ತಡ, ಕೊನೆಗೆ ಬರೀ ಬಿಸಿ, ಇವೂ ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಅದೇ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: 50 ಮಿ.ಮೀ. ದಪ್ಪದ 7075 ಟಿ651 ಅಲ್ಯೂಮಿನಿಯಂ ಪ್ಲೇಟಿನಲ್ಲಿ 480 × 220 × 38 ಅಳತೆಯ ಟ್ರೇ ಮಾಡುತ್ತಿದ್ದೇವೆ. ತಳ 2 ಮಿ.ಮೀ., ಗೋಡೆ 1.5 ಮಿ.ಮೀ. ಕೆಳಗಡೆ 8 ಮಿ.ಮೀ. ವೈಸಿನಲ್ಲಿ ಹಿಡಿದು ಪಾಕೆಟ್ (ಒಳಗಿನ ಗುಂಡಿ) ಪೂರ್ತಿ ಮುಗಿಸುತ್ತೇವೆ, ಆಮೇಲೆ ತಿರುವಿ ತಳ ಫೇಸ್ ಮಾಡುತ್ತೇವೆ (ಚಪ್ಪಟೆಯಾಗಿ ಕತ್ತರಿಸುತ್ತೇವೆ). ವೈಸಿನಲ್ಲಿರುವಾಗ ತಳ 0.03ರೊಳಗೆ ಚಪ್ಪಟೆ, ಬಿಚ್ಚಿದರೆ ತುದಿಗಳು 0.9 ಮಿ.ಮೀ. ಎದ್ದುಬಿಡುತ್ತವೆ. ಸ್ಟ್ರೆಸ್ ರಿಲೀವ್ ಆದ (ಒಳಒತ್ತಡ ತೆಗೆದ) ಪ್ಲೇಟ್ ಅಂತ ಸರ್ಟಿಫಿಕೇಟ್ ಇದೆಯಲ್ಲ ಸರ್, ಮತ್ಯಾಕೆ ಹೀಗೆ? (ಪೀಣ್ಯದ ಸಿಎನ್‌ಸಿ ಪ್ರೋಗ್ರಾಮರ್)

ಉತ್ತರ: ಸರ್ಟಿಫಿಕೇಟ್ ಸುಳ್ಳಲ್ಲ. 7075 ಪ್ಲೇಟನ್ನು ಸುಮಾರು 470 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಹೊರಪದರ ಮೊದಲು ತಣಿದು ಬಿಗಿಯುತ್ತದೆ, ನಡುಭಾಗ ತಡವಾಗಿ ಕುಗ್ಗುತ್ತದೆ. ಹಾಗಾಗಿ ಹೊರಪದರ ಅದುಮಿಕೊಂಡೂ ನಡುಭಾಗ ಎಳೆದುಕೊಂಡೂ ಉಳಿಯುತ್ತವೆ. ಟಿ651ರಲ್ಲಿರುವ 51 ಎಂದರೆ, ಅದ್ದಿದ ಮೇಲೆ ಏಜಿಂಗ್‌ಗೆ (ಬಲ ಬರಲು ಹದವಾಗಿ ಕಾಯಿಸಿಡುವುದಕ್ಕೆ) ಮುಂಚೆ ಪ್ಲೇಟನ್ನು ಶೇ 1.5ರಿಂದ 3ರಷ್ಟು ಉದ್ದಕ್ಕೆ ಎಳೆದಿದ್ದಾರೆ ಎಂದರ್ಥ. ಹೀಗೆ ಎಳೆದರೆ ಒಳಒತ್ತಡದ ಬಹುಪಾಲು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. 20–30 ಮೆಗಾಪಾಸ್ಕಲ್ ಆಸುಪಾಸು ಉಳಿದಿರುತ್ತದೆ ಎಂದಿಟ್ಟುಕೊಳ್ಳಿ. ದಪ್ಪ ಬ್ಲಾಕಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಟ್ರೇಯಲ್ಲಿ 20 ಪಾಲಿಗೆ ಸುಮಾರು 19 ಪಾಲು ಚಿಪ್ಸ್ ಆಗಿ ಹೋಗುತ್ತಿದೆ. ಉಳಿದ ಒಂದು ಪಾಲಿಗೆ ಆ ಒತ್ತಡವನ್ನು ತಡೆದುಕೊಳ್ಳುವ ಮೈಕಟ್ಟೇ ಇಲ್ಲ.

ದೊಡ್ಡ ಎಡವಟ್ಟು ಇರುವುದು ನಿಮ್ಮ ಆಪರೇಷನ್ ಕ್ರಮದಲ್ಲಿ. ಪಾಕೆಟ್ ಪೂರ್ತಿ ಮುಗಿಸಿ, ತಳ ತೆಳ್ಳಗಾದ ಮೇಲೆ ಕೆಳಗಿನ ಹೊರಪದರವನ್ನು ಒಂದೇ ಸಲಕ್ಕೆ ತೆಗೆಯುತ್ತಿದ್ದೀರಿ. ಒತ್ತಡ ಬದಲಾಗುವುದು ಜಾಬ್ ಅತಿ ದುರ್ಬಲವಾಗಿರುವ ಹೊತ್ತಿನಲ್ಲಿ. ಇದನ್ನು ತಲೆಕೆಳಗು ಮಾಡಬೇಕು.

ಮೊದಲು ಕಚ್ಚಾ ಪ್ಲೇಟನ್ನು ಸರ್ಫೇಸ್ ಪ್ಲೇಟ್ ಮೇಲೆ ಸುಮ್ಮನೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. 0.3 ಸಂದು ಇದ್ದರೆ ಮಷಿನ್ ಮೇಲೂ ಅಲ್ಲಿ 0.3ರ ಶಿಮ್ (ತೆಳು ತಗಡು) ಕೊಟ್ಟೇ ಕ್ಲಾಂಪ್ ಮಾಡಿ. ಸಂದನ್ನು ಕ್ಲಾಂಪಿನಿಂದ ಅದುಮಿ ಮುಚ್ಚಿ ಫೇಸ್ ಮಾಡಿದರೆ, ಬಿಚ್ಚಿದಾಗ ಅದೇ ಬಾಗು ವಾಪಸ್ ಬರುತ್ತದೆ. ಆಮೇಲೆ ಹೆಚ್ಚುವರಿ 12 ಮಿ.ಮೀ.ಯನ್ನು ಎರಡೂ ಕಡೆಗೆ ಹಂಚಿ. ಒಂದು ಮುಖದಲ್ಲಿ 2.5, ತಿರುವಿ ಇನ್ನೊಂದರಲ್ಲಿ 2.5, ಮತ್ತೆ ತಿರುವಿ ಅಷ್ಟಷ್ಟೇ. ಪ್ರತಿ ಮುಖದಲ್ಲಿ 1 ಮಿ.ಮೀ. ಉಳಿಸಿಕೊಳ್ಳಿ. ವೈಸಿಗೆ ಹಿಡಿಯಲು 8 ಮಿ.ಮೀ. ಬೇಕೇ ಬೇಕು ಅನ್ನುವುದಾದರೆ ತುದಿಗಳಲ್ಲಿ ಕಿವಿಗಳನ್ನು ಬಿಡುವಂತೆ ಬ್ಲಾಂಕನ್ನು (ಕಚ್ಚಾ ತುಂಡನ್ನು) 40 ಮಿ.ಮೀ. ಹೆಚ್ಚು ಉದ್ದ ತೆಗೆದುಕೊಂಡು, ಕಿವಿಗೆ ಬೋಲ್ಟ್ ಹಾಕಿ ಹಿಡಿಯಿರಿ. ಮೆಟೀರಿಯಲ್ ಖರ್ಚು ಸ್ವಲ್ಪ ಏರುತ್ತದೆ. ಒಂದು ರಿಜೆಕ್ಷನ್ ತಪ್ಪಿದರೆ ಅದು ವಸೂಲಾಗುತ್ತದೆ.

ರಫಿಂಗ್‌ನಲ್ಲಿ (ಮೊದಲ ಒರಟು ಕಟ್‌ನಲ್ಲಿ) ತಳಕ್ಕೆ 1.5, ಗೋಡೆಗೆ ಪಕ್ಕಕ್ಕೆ 1 ಮಿ.ಮೀ. ಬಿಡಿ. ಪಾಕೆಟ್ ಒಂದಕ್ಕಿಂತ ಹೆಚ್ಚಿದ್ದರೆ ಒಂದನ್ನು ಪೂರ್ತಿ ಆಳಕ್ಕೆ ಮುಗಿಸಿ ಮುಂದಿನದಕ್ಕೆ ಹೋಗಬೇಡಿ. ಎಲ್ಲವನ್ನೂ ಒಂದೊಂದು ಮಟ್ಟ ಇಳಿಸುತ್ತಾ ಬನ್ನಿ. ರಫಿಂಗ್ ಮುಗಿದ ಮೇಲೆ ಎಲ್ಲ ಕ್ಲಾಂಪ್ ಪೂರ್ತಿ ಸಡಿಲಿಸಿ. ಬಾಗಲಿರುವುದೆಲ್ಲ ಈಗಲೇ ಬಾಗಲಿ. ಜಾಬ್ ತಿರುವಿ, ಬಾಗಿದ ಆಕಾರದಲ್ಲೇ ಶಿಮ್ ಕೊಟ್ಟು ನಿಲ್ಲಿಸಿ, ತಳದ ಹೊರಮುಖಕ್ಕೆ ತೆಳುವಾದ ಒಂದು ಕಟ್ ಕೊಟ್ಟು ಹೊಸ ಚಪ್ಪಟೆ ಮುಖ ಮಾಡಿಕೊಳ್ಳಿ. 1.5 ಬಿಟ್ಟಿದ್ದು ಇದಕ್ಕೇ. ಈ ಮುಖದ ಮೇಲೆ ಕೂರಿಸಿ ಸೆಮಿ ಫಿನಿಶ್ ಮಾಡಿ, ಒಳಗೆ 0.3 ಬಿಟ್ಟು ಮತ್ತೊಮ್ಮೆ ಸಡಿಲಿಸಿ. ಆಗ ಜಾಬಿನ ನಡುವೆ ಡಯಲ್ ಗೇಜ್ ಇಟ್ಟು ಕ್ಲಾಂಪ್‌ಗಳನ್ನು ಒಂದೊಂದಾಗಿ ಬಿಗಿಯಿರಿ. ಮುಳ್ಳು 0.02ಕ್ಕಿಂತ ಹೆಚ್ಚು ಅಲುಗಿದರೆ ಆ ಕ್ಲಾಂಪ್ ಜಾಬನ್ನು ಹಿಡಿಯುತ್ತಿಲ್ಲ, ಬಗ್ಗಿಸುತ್ತಿದೆ.

ಫಿನಿಶ್‌ಗೆ ಹೊಸ ಕಟರ್ ಬೇಕು. 12 ಮಿ.ಮೀ., ಮೂರು ಫ್ಲೂಟ್ (ಹಲ್ಲು), ಪಾಲಿಶ್ ಆದ ಕಾರ್ಬೈಡ್. ಕೋಟಿಂಗ್ ಇಲ್ಲದ್ದು ಅಥವಾ ಡಿಎಲ್‌ಸಿ (ವಜ್ರದಂಥ ಕಾರ್ಬನ್ ಲೇಪ) ಇರುವುದು. 8,000 ಆರ್‌ಪಿಎಂಗೆ ವೇಗ ನಿಮಿಷಕ್ಕೆ 300 ಮೀಟರ್ ಆಗುತ್ತದೆ; ಹಲ್ಲಿಗೆ 0.07ರಂತೆ ಫೀಡ್ 1,680. ತಳವನ್ನು ನಡುವಿನಿಂದ ಸುತ್ತುತ್ತಾ ಹೊರಗೆ ಬನ್ನಿ, ಕಟರಿನ ಮುಂದೆ ಇರುವ ಲೋಹ ಇನ್ನೂ ದಪ್ಪಗಿದ್ದು ಆಸರೆಯಾಗುತ್ತದೆ. ಕಟರಿನ ಕಾರ್ನರ್ ರೇಡಿಯಸ್ 0.5–1 ಸಾಕು. ಡ್ರಾಯಿಂಗ್ ಕೇಳದಿದ್ದರೂ ಕೈಗೆ ಸಿಕ್ಕಿತೆಂದು 3 ಮಿ.ಮೀ. ರೇಡಿಯಸ್ ಹಾಕಿದರೆ ಅದು ತಳವನ್ನು ಕೆಳಕ್ಕೆ ಒತ್ತುತ್ತದೆ.

ಇನ್ನೊಂದು ಚಾಳಿ ಎಲ್ಲ ಕಡೆ ಇದೆ: ಕೊನೆಗೆ ‘ಹಗುರ ಕಟ್’ ಎಂದು 0.05 ಬಿಡುವುದು. ಅಷ್ಟು ಕಮ್ಮಿ ಇದ್ದರೆ ಸವೆದ ಅಂಚು ಲೋಹವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದ ಪದರದಲ್ಲಿ ಹೊಸ ಒತ್ತಡ ಕೂರುತ್ತದೆ. ಆ ಪದರ ಮಿ.ಮೀ.ನ ಹತ್ತನೇ ಒಂದು ಪಾಲಿನಷ್ಟೇ ಇರಬಹುದು, ಆದರೆ ತಳ 4 ಮಿ.ಮೀ. ಇದ್ದಾಗ ಅದು ಎಷ್ಟು ಬಗ್ಗಿಸುತ್ತದೋ 2 ಮಿ.ಮೀ. ಆದಾಗ ಅದರ ನಾಲ್ಕು ಪಟ್ಟು ಬಗ್ಗಿಸುತ್ತದೆ. ಹಾಗಾಗಿ ಅನುಮಾನ ಬಂದರೆ ಬೇರೇನೂ ಬದಲಿಸದೆ ಕಟರ್ ಮಾತ್ರ ಹೊಸದು ಹಾಕಿ ಒಂದು ಪೀಸ್ ತೆಗೆಯಿರಿ. ಬಾಗು ಬದಲಾದರೆ ದೋಷ ಕಟರಿನದು, ಪ್ಲೇಟಿನ ಬ್ಯಾಚ್ ಬದಲಿಸಿದಾಗ ಮಾತ್ರ ಬದಲಾದರೆ ಪ್ಲೇಟಿನದು. ಬ್ಲಾಂಕ್ ಕತ್ತರಿಸುವಾಗ ಎಲ್ಲ ಟ್ರೇಗಳ ಉದ್ದವೂ ಪ್ಲೇಟಿನ ರೋಲಿಂಗ್ ದಿಕ್ಕಿಗೇ ಇರಲಿ. ಇಲ್ಲದಿದ್ದರೆ ಒಂದು ಪೀಸಿನ ಅನುಭವ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಇಎನ್24 ಉಕ್ಕಿನ ಸ್ಲೀವ್ (ತೆಳು ಕೊಳವೆ). ಬೋರ್ (ಒಳವ್ಯಾಸ) 120, ಗೋಡೆ 3, ಉದ್ದ 60 ಮಿ.ಮೀ. ಮೂರು ಜಾ (ದವಡೆ) ಇರುವ ಚಕ್ಕಿನಲ್ಲಿ ಬೋರ್ ಮಾಡಿ ಬಿಚ್ಚಿದ ಮೇಲೂ ಬೋರ್ ಗೇಜ್ ಎಲ್ಲಾ ಕಡೆ 0.01ರೊಳಗೇ ತೋರಿಸುತ್ತದೆ. ಆದರೆ ಕಸ್ಟಮರ್ ಕಡೆ ಬೇರಿಂಗ್ ಕೂರುವುದಿಲ್ಲ, ಮೂರು ಜಾಗದಲ್ಲಿ ಹಿಡಿಯುತ್ತದೆ ಅಂತ ವಾಪಸ್ ಕಳಿಸಿದ್ದಾರೆ. ನಮ್ಮ ಗೇಜ್ ಕ್ಯಾಲಿಬ್ರೇಷನ್ ಸರಿ ಇದೆ. (ಬೆಳಗಾವಿ, ಉದ್ಯಮಬಾಗ್)

ಉತ್ತರ: ಗೇಜ್ ಸರಿಯಿದೆ, ಕಸ್ಟಮರ್ ಹೇಳುವುದೂ ಸರಿಯಿದೆ. ನಿಮ್ಮ ಬೋರ್ ಮೂರು ಉಬ್ಬಿನ ಆಕಾರಕ್ಕೆ ತಿರುಗಿದೆ. ಎದುರುಬದುರು ಎರಡು ಬಿಂದು ಮುಟ್ಟಿ ಅಳೆಯುವ ಗೇಜಿಗೆ ಈ ಆಕಾರ ಕಾಣುವುದಿಲ್ಲ, ಏಕೆಂದರೆ ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬಂದು ವ್ಯಾಸ ಎಲ್ಲ ಕಡೆ ಒಂದೇ ಆಗುತ್ತದೆ. ಮೂರು ಬಿಂದುವಿನ ಬೋರ್ ಮೈಕ್ರೋಮೀಟರ್ ಹಾಕಿ, ಒಮ್ಮೆ ಓದಿ, 60 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಓದಿ. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಕಾರಣ ಚಕ್ಕೋ ಲೋಹವೋ ಎಂದು ತಿಳಿಯಲು ಬಾಲ್ ತುದಿಯ ಮೈಕ್ರೋಮೀಟರ್‌ನಿಂದ ಗೋಡೆಯ ದಪ್ಪ ಸುತ್ತಲೂ ಅಳೆಯಿರಿ. ಜಾ ಕೂತಿದ್ದ ಮೂರು ಜಾಗದಲ್ಲಿ ಗೋಡೆ ತೆಳ್ಳಗಿದ್ದರೆ ತಪ್ಪು ಚಕ್ಕಿನದು. ಜಾ ಅಲ್ಲಿ ಒಳಕ್ಕೆ ಒತ್ತಿತ್ತು, ಒತ್ತಿದ ಸ್ಥಿತಿಯಲ್ಲಿ ನೀವು ದುಂಡಗೆ ಬೋರ್ ಮಾಡಿದಿರಿ, ಬಿಟ್ಟಾಗ ಆ ಜಾಗ ಹೊರಕ್ಕೆ ಹೋಯಿತು. ಬೇರಿಂಗ್ ಹಿಡಿಯುತ್ತಿರುವುದು ಒಂದು ಜಾ ಮತ್ತು ಇನ್ನೊಂದು ಜಾ ನಡುವಿನ ಮೂರು ಜಾಗದಲ್ಲಿ, ಬೇಕಾದರೆ ಗುರುತು ಹಾಕಿ ನೋಡಿ. ಅದು ಬಿಟ್ಟು ದಪ್ಪ ಸುತ್ತಲೂ ಒಂದೇ ಇದ್ದು ಒಳಗೂ ಹೊರಗೂ ಮೊಟ್ಟೆಯಾಕಾರ ಬಂದಿದ್ದರೆ ಲೋಹದ ಒಳಒತ್ತಡ ಬಿಟ್ಟಿದೆ ಎಂದು ತಿಳಿಯಿರಿ.

ನಿಮ್ಮದು ಚಕ್ಕಿನ ಕೇಸು. ಗೋಡೆ 6ರಿಂದ 3ಕ್ಕೆ ಇಳಿದರೆ ಅದೇ ಒತ್ತಿಗೆ ಸ್ಲೀವ್ ಸುಮಾರು ಎಂಟು ಪಟ್ಟು ಹೆಚ್ಚು ಬಾಗುತ್ತದೆ. ರಫಿಂಗ್‌ಗೆ ಇಟ್ಟ ಚಕ್ ಪ್ರೆಶರನ್ನೇ ಫಿನಿಶ್‌ಗೂ ಬಿಟ್ಟರೆ ಇದೇ ಗತಿ. ಅಗಲವಾದ ಪೈ ಜಾ (ವೃತ್ತದ ಹೋಳಿನಾಕಾರದ ಜಾ) ಹಾಕಿ, ಅವನ್ನು ಸ್ಲೀವಿನ ಹೊರವ್ಯಾಸಕ್ಕೆ ಸರಿಯಾಗಿ ಬೋರ್ ಮಾಡಿಕೊಳ್ಳಿ. ಆ ಬೋರಿಂಗ್ ಮಾಡುವಾಗ ಮೂರೂ ಜಾ ಒಂದು ರಿಂಗ್ ಹಿಡಿದಿರಬೇಕು, ಪ್ರೆಶರ್ ಫಿನಿಶಿಂಗ್‌ಗೆ ಇಡುವಷ್ಟೇ ಇರಬೇಕು. ಸ್ಲೀವಿನ ಸುತ್ತಳತೆಯ ಬಹುಪಾಲಿಗೆ ಜಾ ತಾಗಬೇಕು. ಪೀಸ್ ಸಂಖ್ಯೆ ಹೆಚ್ಚಿದ್ದರೆ ಇನ್ನೂ ಒಳ್ಳೆಯದು ಪಾಟ್ ಫಿಕ್ಸ್ಚರ್: ಸ್ಲೀವನ್ನು ಹೊರಗಿಂದ ಒತ್ತದೆ, ಮುಖದ ಮೇಲೆ ಉಂಗುರ ಇಟ್ಟು ಆರು ಬೋಲ್ಟಿನಿಂದ ಅಕ್ಷದ ದಿಕ್ಕಿಗೆ ಹಿಡಿಯುವುದು. ಅಕ್ಷದ ದಿಕ್ಕಿಗೆ ಸ್ಲೀವ್ ಕಂಬದ ಹಾಗೆ ಗಟ್ಟಿ.

ಬೋರಿಂಗ್ ಇನ್ಸರ್ಟ್ 0.8 ನೋಸ್ (ತುದಿಯ ರೇಡಿಯಸ್) ಇದ್ದರೆ 0.4ಕ್ಕೆ ಇಳಿಸಿ, ಗ್ರೈಂಡ್ ಮಾಡಿದ ಪಾಸಿಟಿವ್ ಅಂಚಿನದು. ಕಟ್ ಆಳ ನೋಸ್ ರೇಡಿಯಸ್ಸಿಗಿಂತ ತೀರಾ ಕಮ್ಮಿಯಾದರೆ ಟೂಲ್ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕೊನೆಯ ಕಟ್ 0.25, ಫೀಡ್ 0.08 ಇಡಿ.

ಕ್ರಮ ಹೀಗಿರಲಿ: ಒಳಗೂ ಹೊರಗೂ 1.5 ಬಿಟ್ಟು ರಫಿಂಗ್, ನಂತರ ಸ್ಟ್ರೆಸ್ ರಿಲೀವಿಂಗ್, 0.4 ಬಿಟ್ಟು ಸೆಮಿ ಫಿನಿಶ್, ಆಮೇಲೆ ಬೋರ್, ಕೊನೆಗೆ ಎಕ್ಸ್‌ಪ್ಯಾಂಡಿಂಗ್ ಮ್ಯಾಂಡ್ರೆಲ್ (ಒಳಗಿಂದ ಹಿಗ್ಗಿ ಹಿಡಿಯುವ ದಂಡ) ಮೇಲೆ ಹೊರವ್ಯಾಸ. ಇಎನ್24 ಟಿ ಕಂಡಿಷನ್‌ನಲ್ಲಿ (ಗಟ್ಟಿಗೊಳಿಸಿ ಟೆಂಪರ್ ಮಾಡಿ) ಬಂದಿದ್ದರೆ ಸರ್ಟಿಫಿಕೇಟಿನಲ್ಲಿರುವ ಟೆಂಪರಿಂಗ್ ಉಷ್ಣತೆಗಿಂತ 25–30 ಡಿಗ್ರಿ ಕೆಳಗೇ ನಿಲ್ಲಿಸಿ; ಮೀರಿದರೆ ಗಡಸುತನ ಇಳಿಯುತ್ತದೆ. ಎರಡು ಗಂಟೆ ಇಟ್ಟು, ಫರ್ನೇಸ್‌ನಲ್ಲೇ 300ಕ್ಕೆ ಇಳಿದ ಮೇಲೆ ತೆಗೆಯಲಿ. ಸ್ಲೀವ್‌ಗಳನ್ನು ಮುಖದ ಮೇಲೆ ನಿಲ್ಲಿಸಿಡಬೇಕು. ಹೀಟ್ ಟ್ರೀಟ್‌ಮೆಂಟ್‌ನವರು ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ತಮ್ಮ ಭಾರಕ್ಕೇ ಮೊಟ್ಟೆಯಾಗುತ್ತವೆ. ಇದನ್ನು ಚಲನ್ ಮೇಲೆಯೇ ಬರೆದು ಕಳಿಸಿ.

ಪ್ರಶ್ನೆ: ಅಂಗಡಿಯವರು ಟಿ651 ಬದಲು ಟಿ6 (ಎಳೆದು ಒತ್ತಡ ತೆಗೆಯದ) ಅಲ್ಯೂಮಿನಿಯಂ ಪ್ಲೇಟ್ ಕೊಟ್ಟಿದ್ದಾರೆ. ನಮ್ಮಲ್ಲಿ ಪೌಡರ್ ಕೋಟಿಂಗ್ ಓವನ್ ಇದೆ. ಅದರಲ್ಲಿ ಇಟ್ಟು ನಾವೇ ಸ್ಟ್ರೆಸ್ ರಿಲೀವ್ ಮಾಡಿಕೊಳ್ಳಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಉಕ್ಕಿಗೆ ನಡೆಯುವ ಉಪಾಯ ಅಲ್ಯೂಮಿನಿಯಂಗೆ ನಡೆಯುವುದಿಲ್ಲ. 7075ಕ್ಕೆ ಟಿ6 ಬಲ ಬರುವುದೇ 120 ಡಿಗ್ರಿಯಲ್ಲಿ 24 ಗಂಟೆ ಇಟ್ಟಾಗ. ನಿಮ್ಮ ಓವನ್ನಿನ 180–200 ಡಿಗ್ರಿಯಲ್ಲಿ ಇಟ್ಟರೆ ಒಳಒತ್ತಡ ಅಷ್ಟೇನೂ ಇಳಿಯದೆ ಬಲ ಮಾತ್ರ ಇಳಿಯುತ್ತದೆ. 6061 ಅಲ್ಯೂಮಿನಿಯಂ ಇನ್ನಷ್ಟು ಬಿಸಿ ತಡೆಯುತ್ತದೆ, ಏಕೆಂದರೆ ಅದರ ಏಜಿಂಗ್ ನಡೆಯುವುದೇ 175ರ ಸುಮಾರಿಗೆ; ಆದರೆ ಲಾಭ ಅಲ್ಪ. ಒತ್ತಡ ನಿಜಕ್ಕೂ ಹೋಗಬೇಕೆಂದು 340 ಡಿಗ್ರಿಗೆ ಒಯ್ದರೆ ಅನೀಲ್ ಆಗುತ್ತದೆ, ಅಂದರೆ ಮೆತ್ತಗಾಗುತ್ತದೆ. 6061ರ ಯೀಲ್ಡ್ (ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 276 ಮೆಗಾಪಾಸ್ಕಲ್‌ನಿಂದ 55ರ ಹತ್ತಿರಕ್ಕೆ ಬಂದು ಕೂರುತ್ತದೆ. ಅದಕ್ಕೇ ಅಲ್ಯೂಮಿನಿಯಂನಲ್ಲಿ ಒಳಒತ್ತಡವನ್ನು ಬಿಸಿಯಿಂದಲ್ಲ, ಎಳೆದು ಅಥವಾ ಅದುಮಿ ತೆಗೆಯುತ್ತಾರೆ. ಆರ್ಡರಿನಲ್ಲಿ ಪ್ಲೇಟಿಗೆ ಟಿ651, ಎಕ್ಸ್‌ಟ್ರೂಷನ್‌ಗೆ ಟಿ6511, ಫೋರ್ಜಿಂಗ್‌ಗೆ ಕೊನೆಯಲ್ಲಿ 52 ಇರುವ ಟೆಂಪರ್ ಎಂದು ಸ್ಪಷ್ಟವಾಗಿ ಬರೆಯಿರಿ. ‘ಟಿ6 ಅಂದ್ರೆ ಅದೇ ಸರ್’ ಎಂದು ಅಂಗಡಿಯವರು ಹೇಳಿದರೆ ಮಾಲು ಇಳಿಸಿಕೊಳ್ಳಬೇಡಿ.

ಪ್ರಶ್ನೆ: ಎಕ್ಸ್‌ರೇ ಡಿಫ್ರ್ಯಾಕ್ಷನ್, ಸ್ಟ್ರೇನ್ ಗೇಜ್ ಏನೂ ಇಲ್ಲದ ಶಾಪಿನಲ್ಲಿ ಪ್ಲೇಟಿನ ಒಳಒತ್ತಡ ಅಂದಾಜು ಮಾಡಲು ದಾರಿ ಇದೆಯೇ? (ಮೈಸೂರಿನ ಡಿಪ್ಲೊಮಾ ವಿದ್ಯಾರ್ಥಿನಿ)

ಉತ್ತರ: ಇದೆ, ಮತ್ತು ಒಂದು ಶಿಫ್ಟಿನಲ್ಲಿ ಮುಗಿಯುತ್ತದೆ. 25 ಮಿ.ಮೀ. ಪ್ಲೇಟಿನಿಂದ 300 ಉದ್ದ, 30 ಅಗಲದ ಪಟ್ಟಿಯನ್ನು ಬ್ಯಾಂಡ್‌ಸಾದಲ್ಲಿ ಕತ್ತರಿಸಿಕೊಳ್ಳಿ. ಮೇಲಿನ ಕೆಳಗಿನ ಮೂಲ ಮೇಲ್ಮೈ ಮುಟ್ಟಬೇಡಿ. ಮೊದಲೇ ಎಷ್ಟು ಬಾಗಿದೆ ಎಂದು ಬರೆದಿಟ್ಟುಕೊಳ್ಳಿ. ನಂತರ ಹೊಸ ಕಟರಿನಿಂದ ಒಂದೇ ಕಡೆಯಿಂದ ಅರ್ಧ ದಪ್ಪ, ಅಂದರೆ 12.5 ಮಿ.ಮೀ., ಸಣ್ಣ ಸಣ್ಣ ಕಟ್‌ಗಳಲ್ಲಿ ತೆಗೆಯಿರಿ. ಬಿಚ್ಚಿ, ತಣಿಸಿ, ಸ್ಟ್ರೇಟ್ ಎಡ್ಜ್ ಇಟ್ಟು ನಡುವಿನ ಸಂದನ್ನು ಫೀಲರ್‌ನಿಂದ ಅಳೆಯಿರಿ.

ಒತ್ತಡ ದಪ್ಪದುದ್ದಕ್ಕೂ ಪ್ಯಾರಾಬೋಲಾ ಆಕಾರದಲ್ಲಿ ಹರಡಿದೆ ಎಂದು ಎಣಿಸಿ ಲೆಕ್ಕ ಹಾಕಿದರೆ, ಅಲ್ಯೂಮಿನಿಯಂನ ಎಲಾಸ್ಟಿಕ್ ಮಾಡ್ಯುಲಸ್ 70,000 ಮೆಗಾಪಾಸ್ಕಲ್ ಇರುವಾಗ, ಮೇಲ್ಮೈಯಲ್ಲಿ 25 ಮೆಗಾಪಾಸ್ಕಲ್ ಇದ್ದ ಪಟ್ಟಿ ಸುಮಾರು 0.5 ಮಿ.ಮೀ. ಬಾಗುತ್ತದೆ. 150 ಇದ್ದರೆ ಸುಮಾರು 3 ಮಿ.ಮೀ. ಹಾಗಾಗಿ ಟಿ651 ಎಂದು ಬಂದ ಪ್ಲೇಟಿನ ಪಟ್ಟಿ 2 ಮಿ.ಮೀ. ದಾಟಿ ಬಾಗಿದರೆ ಅದನ್ನು ಎಳೆದೇ ಇಲ್ಲ ಎಂದು ಧಾರಾಳವಾಗಿ ಅನುಮಾನಿಸಬಹುದು. ದಿಕ್ಕನ್ನೂ ನೋಡಿ: ಮಷಿನ್ ಮಾಡಿದ ಮುಖ ತಗ್ಗಾದರೆ ಮೂಲ ಹೊರಪದರ ಅದುಮಿಕೊಂಡಿತ್ತು, ಉಬ್ಬಿದರೆ ಎಳೆದುಕೊಂಡಿತ್ತು. ಬ್ರೈಟ್ ಬಾರಿನಲ್ಲಿ (ತಣ್ಣಗೆ ಎಳೆದು ಮಾಡಿದ ಉಕ್ಕಿನ ಸರಳಿನಲ್ಲಿ) ಸಾಮಾನ್ಯವಾಗಿ ಎರಡನೆಯದು, ಕೀವೇ (ಕೀ ಕೂರುವ ಉದ್ದ ಕಾಲುವೆ) ಹೊಡೆದ ಕಡೆ ಶಾಫ್ಟ್ ಉಬ್ಬುವುದು ಅದಕ್ಕೇ. ಒಂದು ಎಚ್ಚರ: ಉದ್ದ ಎರಡರಷ್ಟಾದರೆ ಬಾಗು ನಾಲ್ಕರಷ್ಟಾಗುತ್ತದೆ. ಆದ್ದರಿಂದ ಪಟ್ಟಿಯ ಅಳತೆ ಬದಲಿಸಿ ಬ್ಯಾಚುಗಳನ್ನು ಹೋಲಿಸಬೇಡಿ.

ಪ್ರಶ್ನೆ: 30 ಮಿ.ಮೀ. ಎತ್ತರದ, 1 ಮಿ.ಮೀ. ಗೋಡೆ. ಬುಡದಲ್ಲಿ 1.00, ತುದಿಯಲ್ಲಿ 1.12. ಇದೂ ಸ್ಟ್ರೆಸ್ಸೇ? (ಬೊಮ್ಮಸಂದ್ರ)

ಉತ್ತರ: ಅಲ್ಲ. ಕಟರ್ ಬಂದಾಗ ಗೋಡೆಯ ತುದಿ ಆಚೆ ಸರಿದು, ಕಟರ್ ಹೋದ ಮೇಲೆ ವಾಪಸ್ ಬಂದಿದೆ. ಕತ್ತರಿಸಬೇಕಾದ್ದು ಉಳಿದುಹೋಗಿದೆ. ಎತ್ತರವನ್ನು ದಪ್ಪದಿಂದ ಭಾಗಿಸಿ ನೋಡಿ. 15ರೊಳಗಿದ್ದರೆ ಒಂದು ಪಕ್ಕ ಹಂತ ಹಂತವಾಗಿ ಮುಗಿಸಿ ಇನ್ನೊಂದು ಪಕ್ಕಕ್ಕೆ ಹೋಗಬಹುದು. 15ರಿಂದ 30ರವರೆಗೆ ಈ ಪಕ್ಕ ಒಂದು ಮಟ್ಟ, ಆ ಪಕ್ಕ ಒಂದು ಮಟ್ಟ ಎಂದು ಇಳಿಯಬೇಕು, ಕೆಳಗಿನ ದಪ್ಪ ಲೋಹ ಯಾವಾಗಲೂ ಆಸರೆಯಾಗಿರಬೇಕು. ನಿಮ್ಮದು ಸರಿಯಾಗಿ 30ರ ಗಡಿಯಲ್ಲಿದೆ. ರಫಿಂಗ್‌ನಲ್ಲೇ ಬುಡ ಅಗಲ, ತುದಿ ಕಿರಿದು ಇರುವಂತೆ ಮೆಟ್ಟಿಲು ಬಿಟ್ಟು, ಮೇಲಿನಿಂದ ಫಿನಿಶ್ ಮಾಡುತ್ತಾ ಬನ್ನಿ. 30 ಮಿ.ಮೀ. ಉದ್ದದ ಫ್ಲೂಟ್ ಇರುವ ಕಟರನ್ನು ಗೋಡೆಗೆ ಪೂರ್ತಿ ತಾಗಿಸಬೇಡಿ. ಗಿಡ್ಡ ಫ್ಲೂಟ್, ಮೇಲೆ ಕುತ್ತಿಗೆ ತೆಳ್ಳಗೆ ಮಾಡಿದ ಕಟರ್ ತನ್ನಿ.

ಪ್ರಶ್ನೆ: ಟೈಟೇನಿಯಂ 6ಎಎಲ್4ವಿ ಬ್ರಾಕೆಟ್‌ಗಳನ್ನು ರಫಿಂಗ್ ಆದ ಮೇಲೆ ಹೊರಗೆ ಸ್ಟ್ರೆಸ್ ರಿಲೀವಿಂಗ್‌ಗೆ ಕೊಟ್ಟಿದ್ದೆವು. ನೀಲಿ ಬಣ್ಣ ತಿರುಗಿ ಬಂದಿವೆ. ಉಜ್ಜಿ ಬಳಸಬಹುದೇ? (ಹೊಸೂರು)

ಉತ್ತರ: ಬಣ್ಣ ಬಂದಿದೆ ಎಂದರೆ ಫರ್ನೇಸಿನಲ್ಲಿ ಗಾಳಿ ಇತ್ತು. ಬಿಸಿ ಟೈಟೇನಿಯಂ ಆಕ್ಸಿಜನ್ ಹೀರಿಕೊಂಡು ಮೇಲೆ ಪೆಡಸಾದ ಪದರ ಮಾಡಿಕೊಳ್ಳುತ್ತದೆ. ಉಜ್ಜಿದರೆ ಬಣ್ಣ ಹೋಗುತ್ತದೆ, ಪದರ ಹೋಗುವುದಿಲ್ಲ. ಬಿರುಕು ಶುರುವಾಗುವುದು ಅಲ್ಲಿಂದಲೇ. ಎಲ್ಲ ಮುಖದಲ್ಲೂ ಫಿನಿಶಿಂಗ್‌ಗೆ ಲೋಹ ಬಿಟ್ಟಿದ್ದರೆ ಕಟ್ ಕೊಟ್ಟು ಆ ಪದರ ತೆಗೆಯಿರಿ, ಡ್ರಾಯಿಂಗ್ ಒಪ್ಪಿದರೆ ಮಾತ್ರ ಪಿಕ್ಲಿಂಗ್ (ಆಸಿಡ್‌ನಲ್ಲಿ ಪದರ ಕರಗಿಸುವುದು). ಯಾವುದಾದರೂ ಮುಖ ಫಿನಿಶ್ ಆಗಿಬಿಟ್ಟಿದ್ದರೆ ಕಸ್ಟಮರಿಗೆ ಹೇಳದೆ ಮುಂದುವರಿಯಬೇಡಿ. ಮುಂದಿನ ಲಾಟಿಗೆ ವ್ಯಾಕ್ಯೂಮ್ ಅಥವಾ ಆರ್ಗಾನ್, ಸುಮಾರು 600 ಡಿಗ್ರಿ, ಎರಡು ಗಂಟೆ ಎಂದು ಬರೆದುಕೊಡಿ. ಕಳಿಸುವ ಮುಂಚೆ ಕ್ಲೋರಿನ್ ಇರುವ ಸಾಲ್ವೆಂಟಿನಿಂದ ತೊಳೆಯಬೇಡಿ, ಬರಿಗೈಯಲ್ಲೂ ಮುಟ್ಟಬೇಡಿ. ಬೆವರಿನ ಉಪ್ಪು ಸಾಕು, ಬಿಸಿಯಲ್ಲಿ ಒತ್ತಡದ ಜಾಗದಲ್ಲಿ ಬಿರುಕು ತರಲು.

ಪ್ರಶ್ನೆ: 17-4 ಪಿಎಚ್ ಸ್ಟೇನ್‌ಲೆಸ್ ಉಕ್ಕಿನ ಕವರ್ 200 ಮಿ.ಮೀ. ಉದ್ದ. ಅಳತೆಗೆ ತಂದು ಎಚ್900 ಏಜಿಂಗ್ ಮಾಡಿಸಿದರೆ ಉದ್ದ 0.1 ಕಮ್ಮಿಯಾಗಿದೆ. (ತುಮಕೂರು)

ಉತ್ತರ: ಆಗಲೇಬೇಕು. 482 ಡಿಗ್ರಿಯ ಆ ಏಜಿಂಗ್‌ನಲ್ಲಿ ಈ ಉಕ್ಕು ಶೇ 0.04ರಿಂದ 0.06ರಷ್ಟು ಕುಗ್ಗುತ್ತದೆ, 200ಕ್ಕೆ 0.08–0.12. ಇನ್ನೂ ಹೆಚ್ಚು ಬಿಸಿಯಲ್ಲಿ ಮಾಡುವ ಎಚ್1150 ಆದರೆ ಕುಗ್ಗುವುದು ಇನ್ನೂ ಜಾಸ್ತಿ. ಬಿಗಿ ಟಾಲರೆನ್ಸ್ ಇರುವುದನ್ನು ಏಜಿಂಗ್ ಆದ ಮೇಲೆ ಮುಗಿಸಿ.

ಪ್ರಶ್ನೆ: ರಫಿಂಗ್ ಆದ ಮೇಲೆ ಒಂದು ರಾತ್ರಿ ಬಿಟ್ಟರೆ ಸ್ಟ್ರೆಸ್ ಹೋಗುತ್ತದೆ ಎನ್ನುತ್ತಾರೆ. ವೈಬ್ರೇಷನ್ ಮಷಿನ್ ಮಾರುವವರೂ ಬಂದಿದ್ದರು. ಎರಡರಲ್ಲಿ ಯಾವುದು ವಾಸಿ? (ಶಿವಮೊಗ್ಗ)

ಉತ್ತರ: ತೆಳು ಅಲ್ಯೂಮಿನಿಯಂ ಜಾಬಿಗೆ ಎರಡೂ ಬೇಡ. ವೈಬ್ರೇಷನ್ ವಿಧಾನವನ್ನು ದೊಡ್ಡ ವೆಲ್ಡೆಡ್ ಬೆಡ್, ಫ್ರೇಮುಗಳಿಗೆ ಪರಿಗಣಿಸಬಹುದು. ನಿಮ್ಮ ಟ್ರೇ, ಕವರುಗಳಿಗೆ ಆ ದುಡ್ಡು ಹಾಕುವುದು ದಂಡ ಎಂಬುದು ನಮ್ಮ ಅಭಿಪ್ರಾಯ. ರಾತ್ರಿ ಬಿಡುವ ವಿಚಾರದಲ್ಲಿ, ಬಾಗುವುದು ಕ್ಲಾಂಪ್ ಬಿಚ್ಚಿದ ಕ್ಷಣದಲ್ಲೇ ಹೆಚ್ಚೂಕಮ್ಮಿ ಮುಗಿದಿರುತ್ತದೆ. ಕ್ಲಾಂಪ್ ಬಿಚ್ಚದೆ ರಾತ್ರಿಯಿಡೀ ಮಷಿನ್ ಮೇಲೆ ಬಿಟ್ಟರೆ ಏನೂ ಆಗಿರುವುದಿಲ್ಲ, ಮಷಿನ್ ಖಾಲಿ ನಿಂತಿತ್ತು ಅಷ್ಟೇ. ಬಿಡುವುದರಿಂದ ನಿಜವಾಗಿ ಸಿಗುವುದು ಉಷ್ಣತೆ ಸಮವಾಗುವ ಲಾಭ. 480 ಮಿ.ಮೀ. ಅಲ್ಯೂಮಿನಿಯಂ ಜಾಬ್ 10 ಡಿಗ್ರಿ ಬಿಸಿ ಇದ್ದರೆ 0.11 ಮಿ.ಮೀ. ಉದ್ದ ತೋರಿಸುತ್ತದೆ. ಅದಕ್ಕೆ ರಾತ್ರಿ ಬೇಕಿಲ್ಲ: ಬಿಚ್ಚಿ, ಒರೆಸಿ, ಗ್ರಾನೈಟ್ ಮೇಜಿನ ಮೇಲಿಟ್ಟು, ಜಾಬೂ ಮೇಜೂ ಒಂದೇ ಉಷ್ಣತೆಗೆ ಬಂದಿವೆ ಎಂದು ಥರ್ಮಾಮೀಟರ್ ತೋರಿಸಿದ ಮೇಲೆ ಅಳೆಯಿರಿ.